ಒರಳಲ್ಲಿ ನೆಟ್ಟ ಡಿಶ್

ನಮ್ಮ ಮನೆ ಓನರ್ ಸೋಮಯ್ಯನವರಿಗೆ ವ್ಯೂ ಅಂದರೆ ಪ್ರಾಣ. ಮಡಿಕೇರಿಯ ಅವರ ಕಟ್ಟಡ ರಸ್ತೆಯಿಂದ ಕೆಳಕ್ಕೆ ಗುಡ್ಡದ ಇಳಿಜಾರಿಗೆ ಅಂಟಿಕೊಂಡು ನಿಂತಿದೆ. ಇಲ್ಲಿ ಮನೆಗೆ ಹೋಗುವುದೆಂದರೆ ಮೆಟ್ಟಿಲು ಹತ್ತುವುದಲ್ಲ, ಇಳಿಯುವುದು. ರಸ್ತೆಯ ಮಟ್ಟದಲ್ಲಿ ಅವರ ಹೋಂಸ್ಟೇ, ಅದರ ಕೆಳಗೆ ಕಾಫಿ ಮೂಟೆ ಪೇರಿಸುವ ಗೋಡೌನು, ಎಲ್ಲಕ್ಕಿಂತ ಕೆಳಗೆ ಬಾಡಿಗೆಗೆ ನಾವು. ಹೋಂಸ್ಟೇಯ ಬಾಲ್ಕನಿಯಲ್ಲಿ ನಿಂತರೆ ಇಡೀ ಕಣಿವೆ ಕಾಣುತ್ತದೆ. ಅದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನಮಗೂ ಕಾಣುವುದು ಅದೇ ಕಣಿವೆ, ಆದರೆ ಅದನ್ನು ನಾವು ವ್ಯೂ ಅನ್ನುವುದಿಲ್ಲ. ಬಟ್ಟೆ ಒಣಗದ ದಿಕ್ಕು ಅನ್ನುತ್ತೇವೆ.

ಮನೆ ಕೊಡುವಾಗಲೇ ಸೋಮಯ್ಯನವರು ಷರತ್ತು ಹೇಳಿದ್ದರು. ಗೆಸ್ಟ್ ಇದ್ದಾಗ ಅಂಗಳದಲ್ಲಿ ಬಟ್ಟೆ ಹಾಕಬಾರದು. ಕೋಳಿ ಸಾಕಬಾರದು. ಗೋಡೆಗೆ ಮೊಳೆ ಹೊಡೆಯಬಾರದು. ಡಿಶ್ ಅಂತೂ ಹಾಕಲೇಬಾರದು.

"ಮೇಲಿಂದ ನೋಡಿದ್ರೆ ಬೋಳುಮಂಡೆ ಬಿಸಿಲಿಗೆ ಇಟ್ಟ ಹಾಗೆ ಕಾಣುತ್ತೆ ಅದು" ಅಂದವರು, ಟೋಪಿ ತೆಗೆದು ತಮ್ಮ ತಲೆಯನ್ನು ಕರ್ಚೀಫಿನಿಂದ ಒರೆಸಿಕೊಂಡರು. ನಾನು ನಗು ತಡೆಯಲಾರದೆ ಕೆಮ್ಮಿದೆ. ನನ್ನ ಗಂಡ ರವಿ ನನ್ನ ಕಾಲು ತುಳಿದ. ಆಟೋ ಓಡಿಸುವವನಿಗೆ ಎಲ್ಲರ ಜೊತೆಯೂ ಚೆನ್ನಾಗಿರಬೇಕು ಅನ್ನುವ ಕಾಯಿಲೆ.

ಆಗ ನಮಗೆ ಡಿಶ್ ಬೇಕಾಗಿಯೂ ಇರಲಿಲ್ಲ. ಹೋಂಸ್ಟೇಯಿಂದ ಒಂದು ಕೇಬಲ್ ಎಳೆದುಕೊಟ್ಟಿದ್ದರು, ನನ್ನ ಅತ್ತೆ ಮಾರಿಗೆ ಸಾಯಂಕಾಲದ ಧಾರಾವಾಹಿ ಬರುತ್ತಿತ್ತು. ಅಷ್ಟು ಸಾಕಾಗಿತ್ತು. ಅತ್ತೆ ಮಾದಾಪುರದ ಕಡೆ ಒಂದು ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಇದ್ದುಕೊಂಡು ಕಾಫಿ ಕೊಯ್ದು ಮುದುಕಿಯಾದವರು. ಲೈನ್ ಬಿಟ್ಟು ನಮ್ಮ ಜೊತೆ ಬರುವಾಗ ಪಾತ್ರೆ, ಕಂಬಳಿ ಎಲ್ಲ ಅವರಿವರಿಗೆ ಕೊಟ್ಟರು. ಒಂದು ಒರಳುಕಲ್ಲನ್ನು ಮಾತ್ರ ಬಿಡಲಿಲ್ಲ. ಗೂಡ್ಸ್ ಆಟೋದಲ್ಲಿ ಹಾಕಿಸಿ ತಂದರು. ರಸ್ತೆಯಿಂದ ನಮ್ಮ ಅಂಗಳಕ್ಕೆ ನಾಲ್ಕು ಜನ ಹೆಣ ಇಳಿಸಿದ ಹಾಗೆ ಇಳಿಸಿದರು. ಇದನ್ನೂ ಬೇಡ ಅಂತಾರೇನೋ ಎಂದು ನಾನು ಹೆದರಿದ್ದೆ. ಸೋಮಯ್ಯನವರು ಮೇಲಿಂದ ಬಗ್ಗಿ ನೋಡಿ, "ಅದು ಇರ್ಲಿ, ಟ್ರಡಿಷನಲ್ ಆಗಿ ಕಾಣುತ್ತೆ. ಗೆಸ್ಟುಗಳು ಫೋಟೊ ತೆಗೀತಾರೆ" ಅಂದರು. ತೆಗೆದರು ಕೂಡ. ನಮ್ಮತ್ತೆ ಅದರ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಳ್ಳುವ ಫೋಟೊ ಎಷ್ಟು ಜನರ ಫೋನಿನಲ್ಲಿದೆಯೋ ದೇವರಿಗೇ ಗೊತ್ತು.

ಡಿಶ್ ಬೇಕಾಗಿದ್ದು ಸಿಂಚನಾಗೆ.

ಸಿಂಚನಾ ನನ್ನ ಮಗಳು, ಎಂಟು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಯಂತ್ರ ಹಾಕಿ ನೋಡಿದ್ದಾಯಿತು, ಪ್ರಯೋಜನವಿಲ್ಲ ಅಂದರು. ಮೈಸೂರಿನ ಹಾಸ್ಟೆಲ್ ಶಾಲೆಗೆ ಸೇರಿಸಿ ಅಂದರು. ಕೂಗಿ ಕರೆಯಲೂ ಬಾರದ ಮಗುವನ್ನು ಅಷ್ಟು ದೂರ ಬಿಟ್ಟು ಬರಲು ನನ್ನ ಕರುಳು ಒಪ್ಪಲಿಲ್ಲ. ಇಲ್ಲಿನ ಶಾಲೆಯಲ್ಲೇ ಕೂತು ಬೋರ್ಡಿನಲ್ಲಿ ಇದ್ದದ್ದನ್ನು ಅಂದವಾಗಿ ಬರೆದುಕೊಂಡು ಬರುತ್ತಾಳೆ. ಏನು ಬರೆದಿದ್ದೇನೆ ಅಂತ ಅವಳಿಗೆ ಗೊತ್ತಿಲ್ಲ.

ಮನೆಯಲ್ಲಿ ನಮ್ಮದೇ ಕೈಸನ್ನೆ ಇತ್ತು. ಊಟ, ನೀರು, ಮಲಗು, ಬಾ, ಬೇಡ. ಸೋಮಯ್ಯನವರ ಹೆಸರಿಗೆ ಅವಳೇ ಒಂದು ಸನ್ನೆ ಮಾಡಿಕೊಂಡಿದ್ದಳು, ಎರಡು ಬೆರಳಲ್ಲಿ ಮೀಸೆ ತೀಡುವುದು. ಹೀಗೆ ಕಣ್ಣಿಗೆ ಕಂಡ ವಸ್ತುವನ್ನು ತೋರಿಸಬಹುದು. ಕಾಣದ್ದನ್ನು ಎಲ್ಲಿಂದ ತೋರಿಸುವುದು? ನನ್ನ ತಂಗಿ ರಮ್ಯಳನ್ನು ಕಕ್ಕಬೆಗೆ ಕೊಟ್ಟಿದೆ. ಅವಳ ಮಗ ಭವಿತ್‌ಗೆ ಮೂರು ವರ್ಷ, ಬೆಳಗೆದ್ದರೆ ಯಾಕೆ ಯಾಕೆ ಅಂತ ಜೀವ ಹಿಂಡುತ್ತಾನೆ. ಮಂಜು ಯಾಕೆ, ನಾಯಿ ಯಾಕೆ, ಅಪ್ಪ ಯಾಕೆ. ರಮ್ಯ "ಬಾಯಿ ಮುಚ್ಚೋ" ಅಂತ ಗದರುವಾಗ ನನ್ನ ಹೊಟ್ಟೆ ಉರಿಯುತ್ತದೆ. ಎಂಟು ವರ್ಷದ ನನ್ನ ಮಗಳು ಒಂದು ದಿನವೂ ನನ್ನನ್ನು ಯಾಕೆ ಅಂತ ಕೇಳಿಲ್ಲ. ಕೇಳಲು ಅವಳಿಗೆ ಮಾತೇ ಇಲ್ಲ.

ಆ ಬೇಸಿಗೆಯಲ್ಲಿ ಕಕ್ಕಬೆಗೆ ಹೋದಾಗ ರಮ್ಯಳ ಮನೆಯ ಡಿಶ್‌ನಲ್ಲಿ ಒಂದು ಚಾನೆಲ್ ಬಂತು. ಒಬ್ಬ ಹೆಂಗಸು, ನನ್ನಷ್ಟೇ ವಯಸ್ಸು, ಬಾಯಿ ತೆರೆಯದೆ ಕೈಯಲ್ಲೇ ಪಾಠ ಮಾಡುತ್ತಿದ್ದಳು. ಸಿಂಚನಾ ಅನ್ನದ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತಳು. ಆಮೇಲೆ ಟಿವಿಯ ಹತ್ತಿರ ಹೋಗಿ ಆ ಹೆಂಗಸಿನ ಕೈಯನ್ನು ಗಾಜಿನ ಮೇಲೆ ಮುಟ್ಟಿದಳು. ದೊಡ್ಡವರೊಬ್ಬರು ಕೈಯಲ್ಲಿ ಮಾತಾಡುವುದನ್ನು ಅವಳು ನೋಡಿದ್ದು ಅದೇ ಮೊದಲು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮಡಿಕೇರಿಗೆ ವಾಪಸು ಬಂದ ಮೇಲೆ ಆ ಹೆಂಗಸನ್ನು ಹುಡುಕಿ ರಿಮೋಟು ಒತ್ತಿ ಒತ್ತಿ ಅದರ ಗುಂಡಿಯೇ ಒಳಗೆ ಹೋಯಿತು. ನಮ್ಮ ಕೇಬಲ್‌ನಲ್ಲಿ ಆ ಚಾನೆಲ್ ಇಲ್ಲ. ಟಿವಿ ರಿಪೇರಿಯ ಸುನಿಲ್‌ನನ್ನು ಕೇಳಿದೆ. ಡಿಶ್ ಹಾಕಿದರೆ ಮಾತ್ರ ಬರುತ್ತದೆ, ತಿಂಗಳ ಕಂತು ಏನೂ ಇಲ್ಲ ಅಂದ. ಫೋನಿನಲ್ಲಿ ನೋಡೋಣವೆಂದರೆ ರಸ್ತೆಯ ಕೆಳಗಿರುವ ನಮ್ಮ ಮನೆಗೆ ನೆಟ್‌ವರ್ಕ್ ಇಳಿಯುವುದಿಲ್ಲ. ಮಳೆಯಲ್ಲಿ ಮೇಲೆ ರಸ್ತೆ ಬದಿಗೆ ಹೋಗಿ, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು ಹಿಡಿದು ನಿಂತೆ. ವಿಡಿಯೋದಲ್ಲಿ ಆ ಹೆಂಗಸಿನ ಕೈ ಅರ್ಧದಲ್ಲೇ ನಿಂತು, ಅದರ ಮೇಲೆ ಚಕ್ರ ಸುತ್ತುತ್ತಿತ್ತು. ಅರ್ಧ ಮಾತು ಕೇಳಿದ ಹಾಗೆ ಸಿಂಚನಾ ನನ್ನ ಮುಖ ನೋಡುತ್ತಿದ್ದಳು.

ಕೊನೆಗೆ ಸೋಮಯ್ಯನವರನ್ನೇ ಕೇಳಲು ಹೋದೆ. ಚೆನ್ನಾಗಿಯೇ ಕೇಳಿದೆ, ಕೈ ಮುಗಿದೇ ಕೇಳಿದೆ.

"ನೋಡಮ್ಮ ತುಳಸಿ, ಗೋಡೆಗೆ ಒಂದು ತೂತು ಮಾಡಿದ್ರೆ ಸಾಕು, ಮಳೆಗಾಲ ಪೂರ್ತಿ ನೀರು ಇಳೀತದೆ" ಅಂದರು. ಅದು ಸರಿ, ಒಪ್ಪಿದೆ. ಮಡಿಕೇರಿಯ ಮಳೆ ಎಂಥದ್ದು ಅಂತ ನನಗೂ ಗೊತ್ತು.

"ಗೋಡೆ ಮುಟ್ಟೋದಿಲ್ಲ ಸರ್. ಅಂಗಳದ ಅಂಚಲ್ಲಿ ಇಡ್ತೀವಿ."

"ಅಂಗಳದಲ್ಲಿ ಇಟ್ರೆ ವ್ಯೂ ಎಂಥ ಆಗ್ಬೇಕು? ಕೇಬಲ್ ಕೊಟ್ಟಿದ್ದೀನಲ್ಲ."

"ಅದ್ರಲ್ಲಿ ಮಗುವಿನ ಚಾನೆಲ್ ಬರೋದಿಲ್ಲ."

ಅವರು ಪೇಪರು ಮಡಚಿದರು. ಬೈಯಲಿಲ್ಲ, ದನಿ ಏರಿಸಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು, "ಅಲ್ಲಮ್ಮ, ಕಿವಿ ಕೇಳದ ಮಗುವಿಗೆ ಟಿವಿ ಯಾಕೆ?"

ನನ್ನ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲು ಇಳಿಯುತ್ತಾ ಹೇಳಬಹುದಾಗಿದ್ದ ಮಾತೆಲ್ಲ ಒಂದೊಂದಾಗಿ ನೆನಪಾಯಿತು, ಮನೆ ತಲುಪುವಷ್ಟರಲ್ಲಿ ಅವರ ವಂಶವನ್ನೇ ಜಾಲಾಡಿ ಮುಗಿಸಿದ್ದೆ.

ರವಿ, "ಬಿಡು ಮಾರಾಯ್ತಿ, ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು?" ಅಂದ. ನಾನು ಅವನ ಮೇಲೂ ಹಾರಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡರು.

"ಗೋಡೆಗೆ ತಾಗ್ಬಾರ್ದು, ಅಷ್ಟೇ ಅಲ್ವಾ?" ಅಂದರು.

"ಅಂಗಳದಲ್ಲೂ ಬೇಡವಂತೆ ಅತ್ತೆ."

"ಅಂಗಳದಲ್ಲಿ ನನ್ನ ಒರಳು ಇರ್ಬಹುದು ಅಂತ ಅವ್ರೇ ಹೇಳಿದ್ದು. ನನ್ನ ಒರಳಲ್ಲಿ ನಾನು ಏನು ನೆಟ್ರೆ ಅವ್ರಿಗೆ ಎಂಥ?"

ನಾನು ಅವರ ಮುಖ ನೋಡಿದೆ. ಆ ಮುದುಕಿಯ ತಲೆಯಲ್ಲಿ ಏನು ಓಡುತ್ತಿತ್ತೋ ಆವತ್ತು ನನಗೆ ಪೂರ್ತಿ ತಿಳಿಯಲಿಲ್ಲ. ಮರುದಿನ ನಾನು ಬ್ಲೌಸ್ ಹೊಲಿಯುವ ಅಂಗಡಿಯಿಂದ ಬರುವಾಗ ಡಿಶ್ ತಗೊಂಡು ಬಾ ಅಂತ ಸುನಿಲ್‌ಗೆ ಹೇಳಿಯೇ ಬಂದೆ.

ಸುನಿಲ್ ಕಬ್ಬಿಣದ ಕೋಲು, ಡಿಶ್ ಎಲ್ಲ ಹೊತ್ತುಕೊಂಡು ಭಾನುವಾರ ಬಂದ. ಸೋಮಯ್ಯನವರು ತೋಟಕ್ಕೆ ಹೋಗಿದ್ದರು. "ಬೇರೆ ಎಲ್ಲೂ ಆಗೋದಿಲ್ಲ ಅಕ್ಕ, ಹಿಂದೆ ಗುಡ್ಡ ಅಡ್ಡ, ಮೇಲೆ ಕಟ್ಟಡ ಅಡ್ಡ. ಡಿಶ್‌ಗೂ ಈ ಕಣಿವೆ ಕಡೆ ಆಕಾಶವೇ ಬೇಕು" ಅಂದ. ಬಾಲ್ಕನಿಯ ಗೆಸ್ಟುಗಳಿಗೆ ಬೇಕಾದ ಆಕಾಶವೇ ನನ್ನ ಮಗಳಿಗೂ ಬೇಕಾಗಿತ್ತು. ಸಿಮೆಂಟ್ ಕಲಸಲು ಹೋದವನನ್ನು ಅತ್ತೆ ತಡೆದರು.

"ಒರಳಿಗೆ ಸಿಮೆಂಟ್ ಹಾಕಿದ್ರೆ ಕೈ ಮುರಿದು ಕೊಡ್ತೀನಿ. ಮೆಣಸಿನ ಬಳ್ಳಿಗೆ ಕಂಬ ನೆಡೋದು ನೋಡಿದ್ದೀಯಾ? ಹಾಗೆ ನೆಡ್ಬೇಕು."

ಒರಳಿನ ಗುಂಡಿಯೊಳಗೆ ಕೋಲು ನಿಲ್ಲಿಸಿ, ಸುತ್ತ ಚಕ್ಕೆಕಲ್ಲು ಸಿಕ್ಕಿಸಿ, ಕೆಮ್ಮಣ್ಣು ತುಂಬಿ, ಅತ್ತೆಯೇ ಕೂತು ಗುದ್ದಿದರು. ಕೋಲು ಅಲ್ಲಾಡಲಿಲ್ಲ. ಆಮೇಲೆ ಸುನಿಲ್ ಡಿಶ್ ತಿರುಗಿಸುತ್ತಾ ಹೋದ. ಸಾಮಾನ್ಯವಾಗಿ ಈ ಕೆಲಸದಲ್ಲಿ ಒಬ್ಬ ಹೊರಗೆ ತಿರುಗಿಸುವುದು, ಇನ್ನೊಬ್ಬ ಒಳಗಿಂದ ಬಂತು, ಹೋಯ್ತು ಅಂತ ಊರಿಗೆಲ್ಲ ಕೇಳುವ ಹಾಗೆ ಕಿರುಚುವುದು. ನಮ್ಮಲ್ಲಿ ಸಿಂಚನಾ ಬಾಗಿಲಲ್ಲಿ ನಿಂತಳು, ಒಂದು ಕಣ್ಣು ಟಿವಿಯ ಮೇಲೆ, ಒಂದು ಕಣ್ಣು ಸುನಿಲ್ ಮೇಲೆ. ಕೈಯಲ್ಲೇ ಸ್ವಲ್ಪ ಆ ಕಡೆ, ಸ್ವಲ್ಪ ಮೇಲೆ ಅಂದಳು. ಇಷ್ಟು ಬೇಗ ಎಲ್ಲೂ ಸಿಗ್ನಲ್ ಸಿಕ್ಕಿಲ್ಲ ಅಕ್ಕ, ಇವಳನ್ನು ನನ್ನ ಜೊತೆ ಕೆಲಸಕ್ಕೆ ಕಳಿಸಿ ಅಂತ ಸುನಿಲ್ ನಕ್ಕ. ಆ ಹೆಂಗಸು ಟಿವಿಯಲ್ಲಿ ಬಂದು ನಿಂತಾಗ ಸಿಂಚನಾ ನನ್ನ ಸೆರಗು ಹಿಡಿದು ಜಗ್ಗಿದ ಜೋರಿಗೆ ಪಿನ್ನೇ ಕಿತ್ತುಬಂತು.

ಮನೆ ಬದಲಾಯಿತು. ಸಾಯಂಕಾಲ ಧಾರಾವಾಹಿಯ ಹೊತ್ತಿಗೆ ನಾವೆಲ್ಲ ಕೈ ಎತ್ತಿಕೊಂಡು ಕೂರುತ್ತಿದ್ದೆವು. ತೆರೆಯ ಕೆಳಗೆ ಬರುವ ಸಣ್ಣ ಸಣ್ಣ ಇಂಗ್ಲಿಷ್ ಪದ ಓದಿ ನಾನು ಅರ್ಥ ಹಿಡಿಯುತ್ತಿದ್ದೆ, ಅಷ್ಟು ನನಗೆ ಬರುತ್ತದೆ. ರವಿಯ ಬೆರಳು ಆಟೋದ ಹ್ಯಾಂಡಲ್ ಹಿಡಿದು ಹಿಡಿದು ಮರಗಟ್ಟಿದ್ದರೂ ಬಿಡಲಿಲ್ಲ. ಎಲ್ಲರಿಗಿಂತ ಬೇಗ ಕಲಿತವರು ಅತ್ತೆ. ಕಾಫಿ ಕೊಯ್ಯುವ ಕೈ ಅದು, ಎರಡೂ ಕೈಗೆ ಬೇರೆ ಬೇರೆ ಕೆಲಸ ಗೊತ್ತು. ಕಲಿತ ಎರಡನೇ ವಾರಕ್ಕೇ, ಸೋಮಯ್ಯನವರು ಮೇಲಿಂದ ಬಗ್ಗಿದಾಗ ಮೀಸೆ ತೀಡುವ ಸನ್ನೆ ಮಾಡಿ ಅದರ ಜೊತೆಗೆ ಟಿವಿಯವಳು ಎಂದೂ ಕಲಿಸದ ಒಂದನ್ನು ಸೇರಿಸಿದರು. ಸಿಂಚನಾ ಬಿದ್ದು ಬಿದ್ದು ನಕ್ಕಳು. ಅವಳಿಗೆ ಬೈಗುಳ ಅರ್ಥವಾಯಿತು ಅಂತ ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಪ್ರಶ್ನೆಗಳ ಪಾಠ ಬಂತು. ಏನು, ಯಾರು, ಎಲ್ಲಿ, ಯಾಕೆ. ಕೈಯ ಜೊತೆ ಹುಬ್ಬನ್ನೂ ಗಂಟಿಕ್ಕಬೇಕು, ಇಲ್ಲದಿದ್ದರೆ ಅದು ಪ್ರಶ್ನೆಯಾಗುವುದಿಲ್ಲ. ಸಿಂಚನಾ ಏನು ಅನ್ನುವುದನ್ನು ಹಿಡಿದುಕೊಂಡು ಸೌಟು, ಸೂಜಿ, ಹಲ್ಲಿ ಯಾವುದನ್ನೂ ಬಿಡಲಿಲ್ಲ. ಯಾರು, ಎಲ್ಲಿ ಕೂಡ ಬಂತು. ಯಾಕೆ ಮಾತ್ರ ಬರಲಿಲ್ಲ. ಕೈ ಸರಿಯಾಗಿಯೇ ಮಾಡುತ್ತಿದ್ದಳು, ಆದರೆ ಬೋರ್ಡು ನೋಡಿ ಬರೆದ ಹಾಗೆ, ಒಳಗೆ ಏನೂ ಇಲ್ಲದೆ. ನಾನು ಅಳುವವಳ ಹಾಗೆ ನಟಿಸಿದೆ, ಬೀಳುವವಳ ಹಾಗೆ ನಟಿಸಿದೆ. ಅವಳು ಕಣ್ಣೊರೆಸಿದಳು, ಕೈ ಹಿಡಿದು ಎಬ್ಬಿಸಿದಳು. ಯಾಕೆ ಅಂತ ಕೇಳಲಿಲ್ಲ.

ಸೋಮಯ್ಯನವರು ಅಲ್ಲಿಯವರೆಗೆ ಸುಮ್ಮನಿದ್ದದ್ದೇ ಆಶ್ಚರ್ಯ. ಮಂಜು ಇಳಿದಿದ್ದರಿಂದ ಕಾಣಲಿಲ್ಲವೋ ಏನೋ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಗೆಸ್ಟೊಬ್ಬರು ಫೋಟೊದಲ್ಲಿ ಅದು ಅಡ್ಡ ಬರುತ್ತದೆ ಅಂದರಂತೆ. ದಡದಡ ಇಳಿದು ಬಂದರು.

"ನಾನು ಬೇಡ ಅಂದಿದ್ದೆ."

"ಗೋಡೆಗೆ ತಾಗಿಲ್ಲ ಸರ್. ನೀವು ಇರ್ಲಿ ಅಂದ ಕಲ್ಲಲ್ಲೇ ಇದೆ."

"ನನ್ನ ಹತ್ರ ವಕೀಲರ ಹಾಗೆ ಮಾತಾಡ್ಬೇಡ. ನಾಳೆ ಬೆಳಿಗ್ಗೆ ಅದು ಇರ್ಬಾರ್ದು. ಇದ್ರೆ ತೋಟದಿಂದ ನಿಂಗನನ್ನು ಕರ್ಕೊಂಡು ಬಂದು ಕಲ್ಲು ಸಮೇತ ಕೆಳಗೆ ಉರುಳಿಸ್ತೀನಿ."

"ಮನೆ ಬೇಕಾದ್ರೆ ಖಾಲಿ ಮಾಡ್ಸಿ ಸರ್. ಅದನ್ನ ಮಾತ್ರ ನಾವಾಗಿ ತೆಗೆಯೋದಿಲ್ಲ" ಅಂದೆ. ನನ್ನ ಹಿಂದೆ ನಿಂತಿದ್ದ ರವಿ ಈ ಸಲ ಕಾಲು ತುಳಿಯಲಿಲ್ಲ. ಪಕ್ಕಕ್ಕೆ ಬಂದು ನಿಂತ.

ಅವರು ಹೋದ ಮೇಲೆ ಅತ್ತೆ, "ನಿಂಗ ಅಂದ್ರೆ ನಮ್ಮ ಲೈನಲ್ಲಿ ಇದ್ದ ನಿಂಗನೇ ಅಲ್ವಾ, ಈಗ ಇವರ ತೋಟದಲ್ಲಿರೋದು?" ಅಂತ ಕೇಳಿದರು. ಹೌದು ಅಂದೆ. ಅವರು ತಲೆಯಾಡಿಸಿ ಮಲಗಲು ಹೋದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ ಒರಳನ್ನು ತೊಳೆದಿದ್ದರು. ಸುತ್ತ ಅರಿಶಿನ ಬಳಿದು, ಕುಂಕುಮ ಇಟ್ಟು, ಎರಡು ದಾಸವಾಳ ಏರಿಸಿದ್ದರು. ಸಿಂಚನಾ ಪಕ್ಕದಲ್ಲಿ ಕೂತು ಏನು, ಏನು ಅಂತ ಕೈ ಮಾಡುತ್ತಿದ್ದಳು.

ಸೋಮಯ್ಯನವರು ಹಾರೆ ಹಿಡಿದ ನಿಂಗನನ್ನು ಕರೆದುಕೊಂಡು ಇಳಿದರು. ಮೇಲೆ ಬಾಲ್ಕನಿಯಲ್ಲಿ ಗೆಸ್ಟುಗಳು ಕಾಫಿ ಲೋಟ ಹಿಡಿದು ನಿಂತಿದ್ದರು. ನಿಂಗ ಒರಳಿನ ಹತ್ತಿರ ಬಂದವನು ಹಾರೆಯನ್ನು ಮೆಲ್ಲಗೆ ನೆಲಕ್ಕೆ ಇಟ್ಟ. ಕಾಲಿನ ಬೂಟು ಬಿಚ್ಚಿದ.

"ಮಾರಕ್ಕ, ಇದು ಲೈನಿನ ಒರಳಾ?"

"ಮತ್ತೆ ಯಾವ್ದು? ನಿನ್ನ ಹೆಂಡ್ತಿ ಮೈಗೆ ಹಚ್ಚಿದ ಅರಿಶಿನ ಕುಟ್ಟಿದ್ದು ಇದರಲ್ಲೇ. ಒನಕೆ ಹಿಡಿದವಳು ನಾನು."

ಲೈನಿನಲ್ಲಿ ಯಾರ ಮದುವೆಯಾದರೂ ಚಪ್ಪರದ ಕೆಲಸಕ್ಕಿಂತ ಮೊದಲು ಈ ಒರಳಿಗೆ ಪೂಜೆ ಮಾಡಿ ಮದುಮಗಳ ಅರಿಶಿನ ಕುಟ್ಟುವುದು. ಅದಾದ ಮೇಲೆ ಅದಕ್ಕೆ ಯಾರ ಕಾಲೂ ತಾಗುವ ಹಾಗಿಲ್ಲ, ಅದರ ಮೇಲೆ ಮಕ್ಕಳು ಕೂತರೂ ಏಟು ಬೀಳುತ್ತಿತ್ತು. ಅದಕ್ಕೇ ಅತ್ತೆ ಪಾತ್ರೆ ಬಿಟ್ಟು ಕಲ್ಲು ತಂದದ್ದು. ಅದಕ್ಕೇ ಡಿಶ್ ನೆಡಲು ಬೇರೆ ಜಾಗ ಹುಡುಕದೆ ಇದನ್ನೇ ತೋರಿಸಿದ್ದು. ಓನರ್ ಒಬ್ಬರೇ ಇದನ್ನು ಎತ್ತಲಾರರು, ಎತ್ತಲು ಬರುವವನು ಯಾವುದಾದರೂ ಲೈನಿನವನೇ ಆಗಿರುತ್ತಾನೆ, ಲೈನಿನವನು ಮದುವೆಯ ಒರಳಿಗೆ ಹಾರೆ ಹಾಕುವುದಿಲ್ಲ ಅಂತ ಆ ಮುದುಕಿಗೆ ಮೊದಲ ದಿನವೇ ಗೊತ್ತಿತ್ತು.

"ಅದ್ರಲ್ಲಿ ಡಿಶ್ ನೆಟ್ಟಿದ್ದೀರಲ್ಲ ಮಾರಕ್ಕ" ಅಂದ ನಿಂಗ, ಸ್ವಲ್ಪ ಬೇಜಾರಿನಲ್ಲಿ.

"ಮೊಮ್ಮಗಳಿಗೆ ಮಾತು ಬರೋದು ಮದುವೆಗಿಂತ ದೊಡ್ಡದು ಕಣೋ. ಅದಕ್ಕೆ ನೆಟ್ಟೆ."

ನಿಂಗ ಬಗ್ಗಿ ಒರಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ನನ್ನಿಂದ ಆಗೋದಿಲ್ಲ ಸಾವ್ಕಾರ್ರೇ. ಬೇಕಾದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ಅನ್ನಿ" ಅಂದು ಹಾರೆ ಎತ್ತಿಕೊಂಡು ಪಕ್ಕಕ್ಕೆ ಸರಿದ.

ಸೋಮಯ್ಯನವರ ಮುಖ ಕೆಂಪಾಯಿತು. ಮೇಲೆ ಗೆಸ್ಟುಗಳು ನೋಡುತ್ತಿದ್ದರು. ಒರಳನ್ನು ಬಿಟ್ಟು ನೇರ ಡಿಶ್‌ಗೇ ಕೈ ಹಾಕಿದರು. ಅದರ ಅಂಚು ಹಿಡಿದು ಒಮ್ಮೆ ಜಗ್ಗಿದರು. ಒಳಗೆ ಟಿವಿಯಲ್ಲಿದ್ದ ಹೆಂಗಸು ಚೂರು ಚೂರಾಗಿ ಮಾಯವಾದಳು.

ಪಾಠ ನೋಡಲು ಒಳಗೆ ಹೋಗಿದ್ದ ಸಿಂಚನಾ ಅದನ್ನು ನೋಡಿದಳು. ನಾನು ಹಿಡಿಯುವಷ್ಟರಲ್ಲಿ ಹೊರಗೆ ಓಡಿ, ಡಿಶ್‌ಗೂ ಅವರಿಗೂ ನಡುವೆ ಹೋಗಿ ನಿಂತಳು. ಅವರ ಎದೆಯಷ್ಟೂ ಎತ್ತರ ಇಲ್ಲ. ತಲೆಯೆತ್ತಿ ನೋಡಿ, ಮೀಸೆ ತೀಡಿದಳು. ನೀವು ಅಂತ. ಡಿಶ್ ತೋರಿಸಿದಳು. ಆಮೇಲೆ ಒಂದು ಕ್ಷಣ ಅವಳ ಕೈ ಗಾಳಿಯಲ್ಲಿ ನಿಂತಿತು, ಹುಬ್ಬು ಗಂಟಾಯಿತು, ಕೈ ಇಳಿಯಿತು.

ನಾನು ಓಡಿಹೋಗಿ ಅವಳ ಪಕ್ಕ ನಿಂತೆ.

"ಎಂಥ ಹೇಳ್ತಾಳೆ ಅವ್ಳು?" ಸೋಮಯ್ಯನವರು ನನ್ನನ್ನು ಕೇಳಿದರು. ಅವರ ಕೈ ಇನ್ನೂ ಡಿಶ್ ಮೇಲೆಯೇ ಇತ್ತು.

"ಯಾಕೆ ಅಂತ ಕೇಳ್ತಿದ್ದಾಳೆ ಸರ್."

"ಎಂಥ?"

"ಯಾಕೆ. ಯಾಕೆ ಕೀಳ್ತೀರಿ ಅಂತ. ಕಿವಿ ಕೇಳದ ಮಗುವಿಗೆ ಟಿವಿ ಯಾಕೆ ಅಂದ್ರಲ್ಲ ನೀವು? ಇದಕ್ಕೆ. ಹುಟ್ಟಿದ ಮೇಲೆ ಇವತ್ತೇ ಮೊದಲು ಅವ್ಳು ಇದನ್ನ ಕೇಳಿದ್ದು, ಅದೂ ನಿಮ್ಮನ್ನ. ಅವ್ಳಿಗೆ ಹೇಳಿ. ನನಗೆ ಬೇಡ, ಅವ್ಳಿಗೆ ಹೇಳಿ."

ಸಿಂಚನಾ ಮತ್ತೆ ಕೇಳಿದಳು, ಈ ಸಲ ಇನ್ನೂ ಜೋರಾಗಿ. ಕೈಮಾತಿನಲ್ಲೂ ಜೋರು ಇರುತ್ತದೆ, ಆವತ್ತು ನನಗೆ ಗೊತ್ತಾಯಿತು. ಸೋಮಯ್ಯನವರು ಅವಳನ್ನು ನೋಡಿದರು, ಕಣಿವೆ ನೋಡಿದರು, ಬಾಲ್ಕನಿ ನೋಡಿದರು. ವ್ಯೂ ಅನ್ನುವುದನ್ನು ಕೈಯಲ್ಲಿ ಹೇಗೆ ಹೇಳುವುದು ಅಂತ ಅವರಿಗೆ ಗೊತ್ತಿರಲಿಲ್ಲ. ಡಿಶ್‌ನಿಂದ ಕೈ ತೆಗೆದರು.

"ಅಗ್ರಿಮೆಂಟ್ ಮುಗಿಯಲಿ, ಆಮೇಲೆ ನೋಡ್ಕೊಳ್ತೀನಿ" ಅಂದರು ನನಗೆ.

"ನೋಡ್ಕೊಳ್ಳಿ ಸರ್. ಎಲ್ಲಿಗೆ ಹೋದ್ರೂ ಒರಳು ನಮ್ಮ ಜೊತೆ ಬರುತ್ತೆ, ಡಿಶ್ ಒರಳಿನ ಜೊತೆ ಬರುತ್ತೆ."

ಅವರು ಮೆಟ್ಟಿಲು ಹತ್ತಿದರು. ನಿಂಗ ಬೂಟು ಕೈಯಲ್ಲಿ ಹಿಡಿದುಕೊಂಡು ಹಿಂದೆ ಹೋದ. ಅತ್ತೆ ಅವರ ಬೆನ್ನಿಗೆ ಎರಡೂ ಕೈಯಲ್ಲಿ ಒಂದಷ್ಟು ಹೇಳಿದರು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಾಲ್ಕನಿಯಲ್ಲಿದ್ದ ಗೆಸ್ಟೊಬ್ಬಳು ನಮಗೆ ಕೈ ಬೀಸಿದಳು.

ರವಿ ಡಿಶ್ ಹಿಡಿದು ಮೊದಲಿನ ದಿಕ್ಕಿಗೆ ತಿರುಗಿಸತೊಡಗಿದ. ಸಿಂಚನಾ ಬಾಗಿಲಲ್ಲಿ ನಿಂತು ಆ ಕಡೆ, ಈ ಕಡೆ ಅಂದಳು. ಅದರ ನಡುವೆಯೇ ನನ್ನ ಕಡೆ ತಿರುಗಿ ಶುರು ಮಾಡಿದಳು. ಮೀಸೆಯವರು ಹೋದದ್ದು ಯಾಕೆ. ನಿಂಗ ಬೂಟು ಬಿಚ್ಚಿದ್ದು ಯಾಕೆ. ಒರಳಿಗೆ ಹೂವು ಯಾಕೆ. ಅಮ್ಮ ಅಳುತ್ತಿರುವುದು ಯಾಕೆ. ಎಂಟು ವರ್ಷದ್ದು ಎಲ್ಲ ಒಟ್ಟಿಗೆ ಬರುತ್ತಿತ್ತು, ನಿಲ್ಲುವ ಸೂಚನೆಯೇ ಇರಲಿಲ್ಲ. ಒಂದಕ್ಕೂ ಉತ್ತರ ಹೇಳುವಷ್ಟು ಕೈಮಾತು ನನಗಿನ್ನೂ ಬರುವುದಿಲ್ಲ. ಕಣ್ಣೊರೆಸಿಕೊಂಡು ಒಳಗೆ ಹೋಗಿ, ಟಿವಿಯ ಮುಂದೆ ಕೂತೆ.